ಕೊನೆಯ ಎಣಿಕೆ

ಜಾಹೇದಾ ಪೆನ್ಸಿಲ್ ಹಿಡಿದವಳು ಬದುವಿನ ಮೇಲೆಯೇ ನಿಂತುಬಿಟ್ಟಳು. ನೆಟೆ ರೋಗ ತಗುಲಿ ಒಣಗಿದ ತೊಗರಿ ಗಿಡಗಳನ್ನು ಎಣಿಸಲು ಬಂದಿದ್ದಳು. ಹೊಲದಲ್ಲಿ ಒಣಗಿದ ಗಿಡ ಒಂದೂ ಇರಲಿಲ್ಲ.

“ಎಲ್ಲಾ ಕಿತ್ತೀನ್ರಿ ಮೇಡಂ,” ಹೊಲದ ಒಡತಿ ಶಂಕ್ರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. “ನಿಮ್ಮ ಕೆಲಸಕ್ಕ ಸರ್ಕಾರದವ್ರು ರೊಕ್ಕ ನಿಲ್ಲಸ್ತಾರಂತ ಹೋದ ಸಲ ಅಂದಿದ್ರಲ್ಲ. ಅರ್ಧ ಹೊಲ ಸತ್ತಿದ್ದು ನೋಡಿದ್ರ ಯಾರ ಕೊಡ್ತಾರ್ರಿ? ಈಗ ಬಂದು ನೋಡ್ಲಿ, ಎಷ್ಟು ಹಸರ ಅದ.”

ಯಾರೂ ಬರುವವರಿರಲಿಲ್ಲ. ಅನುದಾನ ನಿಂತಿದೆಯೆಂಬ ಪತ್ರ ಕಲಬುರಗಿಯ ಕಚೇರಿಗೆ ಬಂದು ಇಪ್ಪತ್ತು ದಿನವಾಗಿತ್ತು. ಜೀಪು ಹೋಗಿತ್ತು, ಸಹಾಯಕರೂ ಹೋಗಿದ್ದರು. ಯಾವ ತಳಿ ಈ ರೋಗವನ್ನು ತಾಳಿಕೊಳ್ಳುತ್ತದೆ ಎಂಬ ನಾಲ್ಕು ವರ್ಷದ ಹುಡುಕಾಟದಲ್ಲಿ ಈ ಎಣಿಕೆಯೊಂದೇ ಬಾಕಿ. ಅದನ್ನಾದರೂ ಮುಗಿಸೋಣವೆಂದು ಅವಳು ರಜೆ ಹಾಕಿ ಕಮಲಾಪುರದ ಬಸ್ಸು ಹತ್ತಿದ್ದಳು.

“ಕಿತ್ತಿದ್ದು ಎಲ್ಲಿಟ್ಟೀರಿ ಅವ್ವ? ಗಿಡಗಿಡಕ್ಕೂ ತಳಿ ಹೆಸರಿನ ಚೀಟಿ ಕಟ್ಟಿದ್ವಲ್ಲ, ಅದನ್ನ ನೋಡಿ ಬರಕೋತೀನಿ.”

ಶಂಕ್ರಮ್ಮ ಗುಡಿಸಲಿನ ಕಡೆ ಕೈ ಮಾಡಿದಳು. ಮೂರು ಕಲ್ಲಿನ ಒಲೆಯಲ್ಲಿ ತೊಗರಿ ಕಟ್ಟಿಗೆ ಚಟಪಟನೆ ಉರಿಯುತ್ತಿತ್ತು. ಒಂದು ಚೀಟಿ ಕಪ್ಪಾಗಿ ಮುದುಡುತ್ತಿತ್ತು.

“ವಾರದಿಂದ ಅದನ್ನೇ ಉರಸಾಕತ್ತೀನಿ. ಇವತ್ತಿಗಿ ಮುಗೀತು. ಕೂಡ್ರಿ, ಚಹಾ ಆಗ್ಯದ.”

ಜಾಹೇದಾ ಪೆನ್ಸಿಲನ್ನು ಚೀಲದೊಳಗೆ ಹಾಕಿ ಕುಳಿತಳು. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು.

“ಸಕ್ರಿ ಸಾಕೇನ್ರಿ?”

“ಸಾಕವ್ವ,” ಎಂದಳು. “ಚಲೋ ಆಗ್ಯದ.”