ಹಿಂದಿನ ಸೀಟಿನ ಆರಾಮ

"ಮೊದ್ಲು ನೋಡಿದ ಕಾರು ಅಗ್ಗ ಐತಿ, ಆದ್ರ ಆರಾಮ ಇದ್ರಾಗ ಭಾಳ ಐತಪ್ಪಾ," ಎಂದ ಕಲ್ಯಾಣ್, ನಾರಾಯಣಪೇಟೆಯ ಶೋರೂಮಿನಲ್ಲಿ ಎರಡನೇ ಎಲೆಕ್ಟ್ರಿಕ್ ಕಾರಿನ ಸ್ಟೇರಿಂಗ್ ಹಿಡಿದು. ಪಕ್ಕದಲ್ಲಿದ್ದ ಅವನಪ್ಪ ಬಾಲಯ್ಯ ತನ್ನ ಸೀಟನ್ನು ಇನ್ನಷ್ಟು ಹಿಂದಕ್ಕೆ ಸರಿಸಿಕೊಂಡು, "ಮೆತ್ತಗೈತಿ, ಇದನ್ನ ತಗೊಳ್ಳೋಣು," ಎಂದ.

ಹಿಂದೆ ಕೂತ ಅವ್ವ ಮೊಗುಲಮ್ಮನ ಮೊಣಕಾಲುಗಳು ಎದೆಗೆ ಬಂದಿದ್ದವು. ಬ್ಯಾಟರಿ ಕಾಲಡಿಯಲ್ಲಿ ಇರುವುದರಿಂದ ನೆಲವೇ ಎತ್ತರ. ಮೊಣಕಾಲಿನ ಆಪರೇಷನ್ ಆದ ಆಕೆಯನ್ನು ವಾರವಾರ ಗದ್ವಾಲಿನ ಡಾಕ್ಟರ ಹತ್ತಿರ ಕರೆದೊಯ್ಯಲೆಂದೇ ಈ ಕಾರು. "ಕಾಲು ನೀಡಾಕ ಜಾಗ ಇಲ್ಲರಿ," ಎಂದಳು, ಮತ್ತೊಮ್ಮೆ.

"ಸ್ವಲ್ಪ ಸರ್ಕೊಂಡು ಕೂಡು. ಹೆಣ್ಮಕ್ಳು ಎಲ್ಲ್ಯಾರ ಮುಂದಿನ ಸೀಟಿನ್ಯಾಗ ಕೂಡ್ತಾರೇನು?" ಬಾಲಯ್ಯ ನಕ್ಕ.

ಮೊಗುಲಮ್ಮ ಇಳಿದು ಬಂದು ಮುಂದಿನ ಬಾಗಿಲನ್ನು ಎಳೆದು ತೆಗೆದಳು. "ಇಳೀರಿ."

"ಏನಾತು?"

"ನನ್ನ ಮೊಣಕಾಲಿನ ಹೆಸರಿಲೆ ನಿಮ್ಮ ಕುಂಡಿಗೆ ಮೆತ್ತನ್ನ ಸೀಟು ಹುಡುಕಾಕ ಬಂದೀರೇನು? ಇಳೀರಿ ಅಂದೆ!"

ಶೋರೂಮಿನವರೆಲ್ಲ ನೋಡುತ್ತಿದ್ದರು. ಬಾಲಯ್ಯ ಇಳಿದು, ಹಿಂದಿನ ಸೀಟಿನಲ್ಲಿ ಮುದುಡಿ ಕೂತ. ಮೊಗುಲಮ್ಮ ಮುಂದೆ ಕೂತಳು. ಟೆಸ್ಟ್ ಡ್ರೈವ್‌ಗೆ ಹೊರಟ ಕಾರು ಗೇಟು ದಾಟುವ ಮೊದಲೇ ಬಾಲಯ್ಯ, "ಕಲ್ಯಾಣ್, ಬ್ಯಾರೆ ಕಾರು ನೋಡೋಣೇನೋ?" ಎಂದ.

"ನೋಡೋಣಂತ," ಎಂದಳು ಮೊಗುಲಮ್ಮ. "ಮೊದ್ಲು ಇದನ್ನ ಗದ್ವಾಲ್ ದಾರ್ಯಾಗ ಮಕ್ತಲ್ ತನಕ ಹೊಡಿಯೋ, ಮಗನ."