ಮೇವಿಸ್‌ಗೆ ನುಚ್ಚು

ಹೆಣ್ಣು ಜಿಂಕೆ ಮೇವಿಸ್ ಬಾಯಿಗೆ ತೆಗೆದುಕೊಂಡ ಇಡೀ ಬಾರ್ಲಿ ಕಾಳು ಮತ್ತೆ ಗೋದಲಿಗೇ ಉದುರಿತು. ನೊಯೆಲೀನ್ ಗಂಡ ಐವರ್‌ನ ಮುಖ ನೋಡಲಿಲ್ಲ. ನಿನ್ನೆಯಷ್ಟೇ ತಾಯಂದಿರಿಂದ ಬಿಡಿಸಿದ್ದ ನಲವತ್ತು ಜಿಂಕೆಮರಿಗಳು ಬೇಲಿಯ ಮೂಲೆಗೆ ಒತ್ತಿಕೊಂಡು ಈ ಮುದಿ ಜಿಂಕೆಯನ್ನೇ ನೋಡುತ್ತಿದ್ದವು. ಸೌತ್‌ಲ್ಯಾಂಡಿನ ಆ ಜಿಂಕೆ ಸಾಕುವ ಫಾರ್ಮಿನಲ್ಲಿ ಹನ್ನೆರಡು ವರ್ಷಗಳಿಂದ ಮರಿಗಳಿಗೆ ಕಾಳು ತಿನ್ನುವುದನ್ನು ಕಲಿಸುತ್ತಿದ್ದವಳು ಮೇವಿಸ್. ಅವಳು ತಿಂದರೆ ಅವೂ ತಿನ್ನುತ್ತಿದ್ದವು.

"ಹಲ್ಲೆಲ್ಲ ಸವೆದುಹೋಗಿದೆ ಕಣೇ," ಎಂದ ಐವರ್. "ನಾಳೆ ಕಸಾಯಿಖಾನೆ ಲಾರಿ ಬರುತ್ತಲ್ಲ, ಹತ್ತಿಸಿಬಿಡೋಣ."

"ನಿಮ್ದೂ ಕಟ್ಟಿಸಿದ ಹಲ್ಲೇ. ನಿಮ್ಮನ್ನೂ ಹತ್ತಿಸ್ಲಾ? ನುಚ್ಚು ಹಾಕಿ ನೋಡೋಣ ರೀ."

"ಹೊಸ ಮರಿಗಳೂ ಅವಳನ್ನ ನೋಡಿ ನುಚ್ಚು ಗಬಗಬ ತಿಂದ್ರೆ ಹೊಟ್ಟೆ ಕೆಟ್ಟು ಸಾಯ್ತವೆ. ನಿನ್ನ ಗೆಳತಿಗೋಸ್ಕರ ಅಷ್ಟನ್ನೂ ಕಳ್ಕೊಳ್ಳಲಾ?"

ಅವನು ಹೇಳಿದ್ದು ನಿಜವೇ.

ಅಷ್ಟರಲ್ಲಿ ಮೇವಿಸ್ ಮತ್ತೆ ಗೋದಲಿಗೆ ಮೂತಿ ಇಟ್ಟಳು. ಅಗಿಯಲು ನೋಡಿದಳು, ಕಾಳು ಮತ್ತೆ ಉದುರಿತು. ಮತ್ತೆ ಬಗ್ಗಿದಳು. ಆಗ ಒಂದು ಮರಿ ಗುಂಪು ಬಿಟ್ಟು ಹತ್ತಿರ ಬಂತು. ಅವಳ ಪಕ್ಕದಲ್ಲೇ ಮೂತಿ ತೂರಿಸಿ ಕಟಕಟ ಅಗಿಯತೊಡಗಿತು. ಅದರ ಹಿಂದೆ ಇನ್ನೊಂದು, ಆಮೇಲೆ ಮೂರು. ಒಂದು ಕಾಳನ್ನೂ ನುಂಗಲಾಗದ ಮೇವಿಸ್, ಅವಕ್ಕೆ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು.

ಐವರ್ ಉಗ್ರಾಣದ ಕಡೆ ನಡೆದ. ವಾಪಸ್ಸು ಬಂದಾಗ ಟೋಪಿ ತಲೆಯ ಮೇಲಿರಲಿಲ್ಲ, ಕೈಯಲ್ಲಿತ್ತು. ಅದರ ತುಂಬ ಬಾರ್ಲಿ ನುಚ್ಚು.

"ಸ್ವಲ್ಪ ಅಡ್ಡ ನಿಂತ್ಕೋ," ಎಂದ ಹೆಂಡತಿಗೆ ಮೆಲ್ಲಗೆ, ಟೋಪಿಯನ್ನು ಮೇವಿಸ್‌ಳ ಮೂತಿಗೆ ಹಿಡಿಯುತ್ತಾ. "ಮಕ್ಕಳು ನೋಡಿಬಿಟ್ಟಾವು."