ಮುಚ್ಚಿಡಲು ಒಪ್ಪದವಳು

ಮೈದುನ ಕ್ಯಾರವಾನಿನ ಮೇಲೆ ಎಳೆಯುತ್ತಿದ್ದ ಟಾರ್ಪಾಲಿನ ಅಂಚನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಒಳಗೇ ಮಲಗುವ ಅನುಕೂಲವಿದ್ದ ಆ ಗಾಡಿ ಗಂಡ ತೀರಿಕೊಂಡ ಮೇಲೆ ಅಂಗಳ ಬಿಟ್ಟು ಕದಲಿರಲಿಲ್ಲ.

“ಬಿಡಿ ಅತ್ತಿಗೆ. ಮುಚ್ಚಿಟ್ರೆ ಬಿಸಿಲು, ಧೂಳು ಯಾವುದೂ ತಾಗಲ್ಲ. ಅಣ್ಣನ ನೆನಪಿಗೆ ಹಾಗೇ ಇರುತ್ತೆ.”

“ಹೋದ ಮಳೆಗಾಲದಲ್ಲೂ ಇದನ್ನೇ ಹೇಳಿ ಮುಚ್ಚಿದ್ದೆಯಲ್ಲಪ್ಪ. ಒಳಗೆ ತೇವ ಕೂತು ನಿಮ್ಮಣ್ಣ ಮಲಗ್ತಿದ್ದ ಹಾಸಿಗೆಗೇ ಬೂಷ್ಟು ಹಿಡೀತು. ಗಾಳಿಗೆ ಟಾರ್ಪಾಲು ಉಜ್ಜಿ ಬಣ್ಣಾನೂ ಹೋಯ್ತು.”

“ಹಾಗಂತ ಬಯಲಿಗೆ ಬಿಡೋಕಾಗುತ್ತಾ? ಓಡಿಸೋರು ಯಾರಿದ್ದಾರೆ?”

ಅವಳು ಟಾರ್ಪಾಲನ್ನು ಒಂದೇ ಎಳೆತಕ್ಕೆ ನೆಲಕ್ಕೆ ಕೆಡವಿ, ಆರು ತಿಂಗಳು ಯಾರಿಗೂ ಹೇಳದೆ ಗಾಡಿ ಓಡಿಸಲು ಕಲಿತು ಹಿಂದಿನ ದಿನವಷ್ಟೇ ಪಡೆದಿದ್ದ ಲೈಸೆನ್ಸನ್ನು ಅವನ ಕೈಯಲ್ಲಿಟ್ಟಳು. ಅವನು ಅದರ ಫೋಟೋವನ್ನೂ ಅತ್ತಿಗೆಯ ಮುಖವನ್ನೂ ಮತ್ತೆ ಮತ್ತೆ ನೋಡುತ್ತಿರುವಾಗಲೇ ಅವಳು ಡ್ರೈವರ್ ಸೀಟಿಗೆ ಹತ್ತಿ ಕೂತು, ಕಿಟಕಿಯಿಂದ ಕೈ ಚಾಚಿದಳು.

“ನೋಡಿ ಆಗಿದ್ರೆ ವಾಪಸ್ ಕೊಡು. ದಾರೀಲಿ ಪೊಲೀಸರು ಕೇಳ್ತಾರೆ.”